ಹೊಲದ ಜೋನ್ ಬದಲಾದರೆ ಒಡೆತನ ಹೋಗುವುದೇ?

ಆದವಾನಿಯಿಂದ ಸಿರುಗುಪ್ಪದ ಕಡೆಗೂ, ಎಮ್ಮಿಗನೂರಿನ ಕಡೆಗೂ, ಆಲೂರಿನ ಕಡೆಗೂ ಹೋಗುವ ರಸ್ತೆಗಳ ಬದಿಯಲ್ಲಿ ಹೊಲ ಉಳ್ಳವರಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಚಿಂತೆ ಹತ್ತಿಕೊಂಡಿದೆ. ಹತ್ತಿಗೆ ಹುಳು ಬಿದ್ದೀತು, ಕಾಲುವೆಗೆ ನೀರು ಬಾರದೆ ಹೋದೀತು ಎಂಬುವು ಹಳೆಯ ಚಿಂತೆಗಳು. ಹೊಸ ಚಿಂತೆ ಕಾಗದದ್ದು. “ನಿಮ್ಮ ಹೊಲದ ಜೋನ್ ಬದಲಾಗಿದೆ, ಇನ್ನು ಅದು ಹೊಲವಲ್ಲ, ಸರಕಾರ ತೆಗೆದುಕೊಳ್ಳುವ ಮೊದಲೇ ಮಾರಿಬಿಡಿ” ಎಂದು ಯಾರೋ ಬಂದು ಹೇಳುತ್ತಾರೆ. ಮತ್ತೊಬ್ಬರು ಬಂದು “ಜೋನ್ ಬದಲಾಯಿತು, ಇನ್ನು ನಿಮ್ಮ ಎಕರೆಗೆ ಬಂಗಾರದ ಬೆಲೆ, ಮುಂಗಡ ಹಿಡಿಯಿರಿ, ಇಲ್ಲಿ ಹೆಬ್ಬೆಟ್ಟು ಒತ್ತಿ” ಎನ್ನುತ್ತಾರೆ. ನೋಟೀಸು ತೆಲುಗಿನಲ್ಲಿದೆ, ಗೆಜೆಟ್ಟು ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಓದಿದ ಹುಡುಗ ಓದಿದ್ದು ಕನ್ನಡ. ಹೀಗಾಗಿ ಎರಡು ಮಾತನ್ನೂ ನಂಬುವ ಪರಿಸ್ಥಿತಿ.

ಎರಡು ಮಾತೂ ಸರಿಯಲ್ಲ. ರೈತ ಬಾಂಧವರು ಈ ವಿಷಯದಲ್ಲಿ ಒಂದೇ ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು. ಜೋನ್ ಎಂಬುದು ಭೂಮಿಯನ್ನು ಯಾವುದಕ್ಕೆ ಬಳಸಬಹುದು ಎಂಬುದನ್ನು ಹೇಳುತ್ತದೆ. ಭೂಮಿ ಯಾರದು ಎಂಬುದನ್ನು ಅದು ಹೇಳುವುದಿಲ್ಲ. ಬಳಕೆ ಬೇರೆ, ಒಡೆತನ ಬೇರೆ. ಉಳಿದುದೆಲ್ಲ ಈ ಮಾತಿನ ವಿವರಣೆಯೇ.

ಜೋನ್ ಎಂದರೇನು?

ಪಟ್ಟಣವು ಬೆಳೆಯುವಾಗ ಮನೆಯ ಪಕ್ಕದಲ್ಲೇ ಕಾರ್ಖಾನೆ, ಶಾಲೆಯ ಪಕ್ಕದಲ್ಲೇ ಹತ್ತಿಯ ಜಿನ್ನು ಬರಬಾರದೆಂದು ಊರನ್ನೂ ಸುತ್ತಲಿನ ಭೂಮಿಯನ್ನೂ ಭಾಗ ಮಾಡಿ ನಕ್ಷೆ ಬರೆಯುತ್ತಾರೆ. ಇದಕ್ಕೆ ಮಾಸ್ಟರ್ ಪ್ಲಾನ್ ಎಂದು ಹೆಸರು. ನಕ್ಷೆಯಲ್ಲಿ ಸಾಮಾನ್ಯವಾಗಿ ಹಳದಿ ಬಣ್ಣ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ಹಸಿರು ಬೇಸಾಯಕ್ಕೆ ಮತ್ತು ಬಯಲಿಗೆ. ಈ ಒಂದೊಂದು ಭಾಗವೇ ಒಂದೊಂದು ಜೋನ್. ಹಸಿರನ್ನು ಹಳದಿ ಮಾಡುವುದೇ ಜೋನ್ ಬದಲಾವಣೆ.

ಭೂಮಿಯ ಒಡೆಯನ ಕೈಯನ್ನು ಸರಕಾರ ಹೀಗೆ ಕಟ್ಟಬಹುದೇ ಎಂಬ ಪ್ರಶ್ನೆ ಹೊಸದಲ್ಲ. ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ ಯೂಕ್ಲಿಡ್ ಎಂಬ ಹಳ್ಳಿಯ ಪಂಚಾಯಿತಿಯು ಜೋನ್ ಗೊತ್ತುಮಾಡಿದಾಗ, ಅಲ್ಲಿ 68 ಎಕರೆ ಇದ್ದ ಒಂದು ಕಂಪನಿಯು ತನ್ನ ಭೂಮಿಯ ಬೆಲೆ ಎಕರೆಗೆ 10,000 ಡಾಲರಿನಿಂದ 2,500ಕ್ಕೆ ಇಳಿಯಿತೆಂದು ವ್ಯಾಜ್ಯ ಹೂಡಿತು. 1926ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಹಳ್ಳಿಯ ಪರವಾಗಿ ತೀರ್ಪು ಕೊಟ್ಟಿತು. ಊರಿನ ಹಿತಕ್ಕಾಗಿ ಬಳಕೆಗೆ ಕಟ್ಟು ಹಾಕಬಹುದು. ಅದರಿಂದ ಬೆಲೆ ಇಳಿದ ಮಾತ್ರಕ್ಕೆ ಒಡೆತನ ಕಿತ್ತುಕೊಂಡಂತೆ ಆಗುವುದಿಲ್ಲ ಎಂಬುದು ಅದರ ಸಾರ. ನಮ್ಮ ದೇಶದ ನ್ಯಾಯಾಲಯಗಳೂ ಹೆಚ್ಚುಕಡಮೆ ಇದೇ ದಾರಿಯಲ್ಲಿ ನಡೆದಿವೆ. ಆದರೆ ಕಟ್ಟು ಹಾಕುವುದಕ್ಕೂ ಒಂದು ಕ್ರಮವುಂಟು, ಒಂದು ಮಿತಿಯುಂಟು. ರೈತನ ಹಕ್ಕು ಇರುವುದು ಆ ಕ್ರಮದಲ್ಲಿ, ಆ ಮಿತಿಯಲ್ಲಿ.

ಗಡಿಯಾಚೆಯ ನೆಂಟರ ಲೆಕ್ಕ ಇಲ್ಲಿ ನಡೆಯದು

ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಮದರಾಸು ಆಡಳಿತಕ್ಕೆ ಒಳಪಟ್ಟಿದ್ದುವು. ಅಂದು ಜಿಲ್ಲೆ ಒಡೆದು, ಆದವಾನಿ ಆಲೂರುಗಳು ಕರ್ನೂಲಿಗೂ ರಾಯದುರ್ಗವು ಅನಂತಪುರಕ್ಕೂ ಸೇರಿ ಆಂಧ್ರ ರಾಜ್ಯಕ್ಕೆ ಹೋದುವು. ಮದರಾಸಿನ ಕಾಯಿದೆಗಳು ಭೂಮಿಯೊಡನೆ ಹಾಗೆಯೇ ಬಂದುವು. 1920ರ ಮದರಾಸು ನಗರ ಯೋಜನಾ ಕಾಯಿದೆಯು ಹೆಸರು ಬದಲಿಸಿಕೊಂಡು ಆಂಧ್ರಪ್ರದೇಶದ ಪುರಸಭೆ ಪಟ್ಟಣಗಳಲ್ಲಿ ಇಂದಿಗೂ ನಡೆಯುತ್ತಿದೆ. ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಸೇರಿದ ಊರುಗಳಿಗೆ 2016ರ ಬೇರೊಂದು ಕಾಯಿದೆಯುಂಟು. ನಿಮ್ಮ ಗ್ರಾಮವು ಇವುಗಳಲ್ಲಿ ಯಾವುದಕ್ಕೆ ಸೇರಿದೆ ಎಂಬುದನ್ನು ಗ್ರಾಮ ಸಚಿವಾಲಯದಲ್ಲಿ ಮೊದಲು ಕೇಳಿ ತಿಳಿಯತಕ್ಕದ್ದು.

ಸಿರುಗುಪ್ಪದಲ್ಲೋ ಬಳ್ಳಾರಿಯಲ್ಲೋ ಇರುವ ಬೀಗರು “ನಮ್ಮಲ್ಲಿ ಹೀಗೆ ಮಾಡಿದೆವು” ಎಂದು ಹೇಳುವುದು ಸಹಜ. ಆದರೆ ಅವರಿಗೆ ಅನ್ವಯಿಸುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಮತ್ತು 1964ರ ಭೂಕಂದಾಯ ಕಾಯಿದೆ. ಅವರು ಪಹಣಿ ತೋರಿಸುತ್ತಾರೆ, ನಾವು ಅಡಂಗಲ್ ತೋರಿಸಬೇಕು. ಅವರ ಎಕರೆಗೆ 40 ಗುಂಟೆ, ನಮ್ಮ ಎಕರೆಗೆ 100 ಸೆಂಟು. ಎಕರೆ ಎರಡೂ ಕಡೆ ಒಂದೇ ಆದರೂ ಕಾಗದದ ದಾರಿ ಬೇರೆ. ಬೀಗರ ಮಾತು ಕೇಳಿ, ಆದರೆ ಸಹಿ ಹಾಕುವ ಮುನ್ನ ನಮ್ಮ ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸಿ.

ಜೋನ್ ಕಾಗದ ಒಡೆತನದ ಕಾಗದವಲ್ಲ

ಆಂಧ್ರದಲ್ಲಿ ಭೂ ಬಳಕೆ ಬದಲಾಯಿಸುವ ಆಜ್ಞೆಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಈ ಬದಲಾವಣೆಯನ್ನು ಭೂಮಿಯ ಹಕ್ಕಿಗೆ ರುಜುವಾತಾಗಿ ಬಳಸಕೂಡದು, ಒಡೆತನದ ಬಗ್ಗೆ ಸುಳ್ಳು ಹೇಳಿದ್ದರೆ ಅದರ ಹೊಣೆ ಅರ್ಜಿದಾರನದೇ ಎಂಬುದು ಅದರ ತಾತ್ಪರ್ಯ. ಈ ಷರತ್ತು ಎರಡು ಕಡೆ ಹರಿತವಿರುವ ಕತ್ತಿ. ಒಬ್ಬನು ನಿಮ್ಮ ಸರ್ವೆ ನಂಬರನ್ನೂ ಸೇರಿಸಿಕೊಂಡು ಜೋನ್ ಬದಲಾವಣೆ ಮಾಡಿಸಿಕೊಂಡರೂ ನಿಮ್ಮ ಹೊಲ ಅವನದಾಗುವುದಿಲ್ಲ. ಹಾಗೆಯೇ ನಿಮ್ಮ ಹೆಸರಿನಲ್ಲಿ ಜೋನ್ ಆಜ್ಞೆ ಬಂದ ಮಾತ್ರಕ್ಕೆ, ಅಣ್ಣತಮ್ಮಂದಿರ ಪಾಲಾಗದ ಜಮೀನು ನಿಮ್ಮೊಬ್ಬರದೇ ಆಗುವುದಿಲ್ಲ.

ಒಡೆತನಕ್ಕೆ ಬೇಕಾದ ಕಾಗದಗಳು ಬೇರೆ. ಪಟ್ಟಾದಾರ ಪಾಸುಪುಸ್ತಕ, 1-ಬಿ ಪ್ರತಿ, ಅಡಂಗಲ್, ನೋಂದಣಿಯಾದ ಕ್ರಯಪತ್ರ ಅಥವಾ ಪಾಲುಪತ್ರ, ಋಣಭಾರ ಪತ್ರ, ಸರ್ವೆ ನಕ್ಷೆ, ಇವಿಷ್ಟೂ ಒಂದೇ ಹೆಸರು, ಒಂದೇ ಸರ್ವೆ ನಂಬರು, ಒಂದೇ ವಿಸ್ತೀರ್ಣ ಹೇಳಬೇಕು. ಅಜ್ಜನ ಹೆಸರಿನಲ್ಲಿಯೇ ಉಳಿದ ಖಾತೆ, ಕನ್ನಡದ ಹೆಸರು ತೆಲುಗಿಗೆ ಹೋಗುವಾಗ ತಪ್ಪಾದ ಅಕ್ಷರ, 4 ಎಕರೆ 50 ಸೆಂಟು ಇದ್ದದ್ದು 4 ಎಕರೆ 5 ಸೆಂಟು ಆದದ್ದು, ಇಂಥ ತಪ್ಪುಗಳು ನಮ್ಮ ಸೀಮೆಯಲ್ಲಿ ಕಾಣುವಂಥವೇ. ಜಮೀನಿಗೆ ಬೆಲೆ ಇಲ್ಲದಾಗ ಇವು ತೊಂದರೆ ಕೊಡಲಿಲ್ಲ. ಬೆಲೆ ಬಂದ ದಿನ ಇವೇ ವ್ಯಾಜ್ಯದ ಬೇರು. ಆದಕಾರಣ ಜೋನಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ಮಾಡಬೇಕಾದ ಮೊದಲ ಕೆಲಸ ದಲ್ಲಾಳಿಯ ಹತ್ತಿರ ಓಡುವುದಲ್ಲ, ಖಾತೆ ಸರಿಮಾಡಿಸಿಕೊಳ್ಳುವುದು.

ಏನು ಬದಲಾಗುವುದು, ಏನು ಬದಲಾಗದು?

ಒಬ್ಬ ರೈತನಿಗೆ ಪಟ್ಟಣದ ಅಂಚಿನಲ್ಲಿ 4 ಎಕರೆ ಎರೆಹೊಲ ಇದೆ ಎಂದು ಇಟ್ಟುಕೊಳ್ಳೋಣ. ಅದು ಹಸಿರಿನಿಂದ ಹಳದಿಗೆ ಬಂತು. ಅವನು ಮುಂದಿನ ಮುಂಗಾರಿಗೆ ಹತ್ತಿ ಬಿತ್ತಬಹುದೇ? ಬಿತ್ತಬಹುದು. ಈಗ ನಡೆಯುತ್ತಿರುವ ಬೇಸಾಯವನ್ನು ನಿಲ್ಲಿಸೆಂದು ಹಳದಿ ಬಣ್ಣ ಹೇಳುವುದಿಲ್ಲ. ಮುಂದೆ ಯಾರಾದರೂ ಅಲ್ಲಿ ಕಟ್ಟುವುದಾದರೆ ಮನೆ ಕಟ್ಟಬಹುದು, ಗಿರಣಿ ಕಟ್ಟಕೂಡದು ಎಂದಷ್ಟೇ ಹೇಳುತ್ತದೆ. ಹೊಲವನ್ನು ಮಾರಲೇಬೇಕೆಂಬ ಕಟ್ಟೂ ಇಲ್ಲ.

ಇನ್ನೊಂದು ಮಾತು. ಜೋನ್ ಬದಲಾವಣೆಯೂ ಕೃಷಿ ಭೂಮಿಯ ಪರಿವರ್ತನೆಯೂ ಒಂದೇ ಅಲ್ಲ. ಜೋನ್ ನಕ್ಷೆಗೆ ಸೇರಿದ್ದು, ಪರಿವರ್ತನೆ ಕಂದಾಯಕ್ಕೆ ಸೇರಿದ್ದು. ಬೇಸಾಯದ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸುವುದಾದರೆ ತೆರಿಗೆ ಕಟ್ಟಿ ಪರಿವರ್ತಿಸಿಕೊಳ್ಳಬೇಕೆಂದು ಆಂಧ್ರಪ್ರದೇಶದಲ್ಲಿ 2006ರಲ್ಲಿ ಒಂದು ಕಾಯಿದೆ ಬಂತು. ಜನರ ಬಾಯಲ್ಲಿ ಅದರ ಹೆಸರು ‘ನಾಲಾ’. ನೀರು ಹರಿಯುವ ನಾಲೆಗೂ ಅದಕ್ಕೂ ಸಂಬಂಧವಿಲ್ಲ. 2025ರಲ್ಲಿ ರಾಜ್ಯ ಸರಕಾರವು ಈ ಕಾಯಿದೆಯನ್ನು ತೆಗೆದುಹಾಕಿ, ನಿವೇಶನ ವಿಂಗಡಿಸಲು ಅನುಮತಿ ಕೊಡುವಾಗಲೇ ಶುಲ್ಕ ಪಡೆಯುವ ಏರ್ಪಾಟಿಗೆ ನಿರ್ಧರಿಸಿತು. ಆದುದರಿಂದ “ನಾಲಾ ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ” ಎಂದು ಹಳೆಯ ದರ ಹೇಳಿಕೊಂಡು ಬರುವವನ ಕೈಗೆ ಹಣ ಕೊಡಬೇಡಿ. ಸರಕಾರಕ್ಕೆ ಸಲ್ಲುವ ಯಾವ ಹಣಕ್ಕೂ ರಸೀದಿ ಇರುತ್ತದೆ. ರಸೀದಿ ಇಲ್ಲದ ಹಣ ಸರಕಾರದ್ದಲ್ಲ.

ತಾವಾಗಿಯೇ ನಿವೇಶನ ಮಾಡಿ ಹಂಚುವ ಯೋಚನೆ ಇದ್ದವರು ಒಂದನ್ನು ತೂಗಿ ನೋಡಬೇಕು. ಹೊಲವು ಹೊಲವಾಗಿ ಇರುವತನಕ ಬೆಳೆ ಸಾಲ, ಬೆಳೆ ವಿಮೆ, ರೈತರಿಗೆ ಬರುವ ನೆರವು ಇವೆಲ್ಲ ಉಂಟು. ಕಲ್ಲು ನೆಟ್ಟು, ಗೆರೆ ಎಳೆದು, ಅನುಮತಿಯೂ ಪಡೆಯದೆ ಕೂತರೆ ಬೇಸಾಯದ ಸೌಲಭ್ಯವೂ ಹೋಯಿತು, ನಿವೇಶನಕ್ಕೆ ಮನೆ ಕಟ್ಟುವ ಪರವಾನಗಿಯೂ ಸಿಗದು. ಇಂಥ ಅನುಮತಿಯಿಲ್ಲದ ನಿವೇಶನ ಕೊಂಡವರು ನಾಳೆ ನಿಮ್ಮ ಬಾಗಿಲಿಗೇ ಬರುತ್ತಾರೆ.

ನಕ್ಷೆಯ ರಸ್ತೆ ನಿಮ್ಮ ಹೊಲದ ನಡುವೆ ಬಂದರೆ

ಮಾಸ್ಟರ್ ಪ್ಲಾನಿನಲ್ಲಿ ಬಣ್ಣದ ಜೊತೆಗೆ ಗೆರೆಗಳೂ ಇರುತ್ತವೆ. ಬೈಪಾಸು ರಸ್ತೆ, ಉದ್ಯಾನ, ಬಸ್ಸು ನಿಲ್ದಾಣ ಇವುಗಳಿಗೆ ಗುರುತು ಹಾಕಿದ ಜಾಗ ನಿಮ್ಮದಾಗಿರಬಹುದು. ಗುರುತು ಹಾಕಿದ ಮಾತ್ರಕ್ಕೆ ಅದು ಸರಕಾರದ್ದಾಗುವುದಿಲ್ಲ. ಪುಣೆಯ ಒಂದು ಖಾಸಗಿ ನಿವೇಶನವನ್ನು ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿದ್ದ ವ್ಯಾಜ್ಯದಲ್ಲಿ ನಮ್ಮ ಸುಪ್ರೀಂ ಕೋರ್ಟು 2005ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಖಾಸಗಿ ಭೂಮಿಯನ್ನು ಯೋಜನೆಯಲ್ಲಿ ಉದ್ಯಾನಕ್ಕೆಂದು ತೋರಿಸಬಹುದು. ಆದರೆ ಅದನ್ನು ಕ್ರಮವಾಗಿ ಸ್ವಾಧೀನ ಮಾಡಿಕೊಳ್ಳದೆ ಒಡೆಯನಿಗೆ ಅದರ ಬಳಕೆ ತಪ್ಪಿಸಲಾಗದು.

ಆಸ್ತಿಯ ಹಕ್ಕು ಮೊದಲು ಸಂವಿಧಾನದಲ್ಲಿ ಮೂಲಭೂತ ಹಕ್ಕಾಗಿತ್ತು. 1978ರ 44ನೆಯ ತಿದ್ದುಪಡಿಯಿಂದ ಅದು ಆ ಸ್ಥಾನ ಬಿಟ್ಟು 300-ಎ ವಿಧಿಗೆ ಬಂತು. ಕಾನೂನಿನ ಅಧಿಕಾರವಿಲ್ಲದೆ ಯಾರನ್ನೂ ಆಸ್ತಿಯಿಂದ ತಪ್ಪಿಸಕೂಡದು ಎಂದು ಆ ವಿಧಿ ಹೇಳುತ್ತದೆ. ಸ್ಥಾನ ಇಳಿದರೂ ಬಲ ಹೋಗಿಲ್ಲ. ಕೋಲ್ಕತ್ತ ನಗರಸಭೆಯ ಒಂದು ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2024ರ ಮೇ ತಿಂಗಳಲ್ಲಿ ಈ ವಿಧಿಯೊಳಗೆ ಅಡಗಿರುವ ಏಳು ಹಕ್ಕುಗಳನ್ನು ಎಣಿಸಿ ತೋರಿಸಿತು. ಒಡೆಯನಿಗೆ ನೋಟೀಸು ಕೊಡಬೇಕು. ಅವನ ಮಾತು ಕೇಳಬೇಕು. ಕಾರಣ ಬರೆದು ನಿರ್ಣಯ ಕೊಡಬೇಕು. ಸ್ವಾಧೀನವು ಸಾರ್ವಜನಿಕ ಉದ್ದೇಶಕ್ಕೇ ಇರಬೇಕು. ನ್ಯಾಯವಾದ ಪರಿಹಾರ ಕೊಡಬೇಕು. ಕೆಲಸವನ್ನು ತಡಮಾಡದೆ ನಡೆಸಬೇಕು. ಕೊನೆಗೆ ಸ್ವಾಧೀನವನ್ನು ಪೂರ್ತಿಗೊಳಿಸಬೇಕು. ಈ ಏಳನ್ನು ಮನೆಯ ಮಕ್ಕಳಿಗೆ ಕಲಿಸಿಡಿ.

ಪರಿಹಾರದ ಲೆಕ್ಕ 2013ರ ಭೂಸ್ವಾಧೀನ ಕಾಯಿದೆಯಲ್ಲಿದೆ. ಅದು 2014ರ ಜನವರಿ 1ರಿಂದ ಜಾರಿಯಲ್ಲಿದೆ. ಮೊದಲು ಮಾರುಕಟ್ಟೆ ಬೆಲೆ ಗೊತ್ತುಮಾಡುತ್ತಾರೆ. ಹಳ್ಳಿಯ ಭೂಮಿಯಾದರೆ ಅದನ್ನು 1ರಿಂದ 2ರವರೆಗಿನ, ಸರಕಾರ ಗೊತ್ತುಮಾಡಿದ ಗುಣಾಂಕದಿಂದ ಗುಣಿಸುತ್ತಾರೆ. ಬಾವಿ, ಮರ, ಕಟ್ಟಡಗಳ ಬೆಲೆ ಕೂಡಿಸುತ್ತಾರೆ. ಬಂದ ಮೊತ್ತಕ್ಕೆ ಅಷ್ಟೇ ಮೊತ್ತವನ್ನು ಸಮಾಧಾನ ಧನವೆಂದು ಸೇರಿಸುತ್ತಾರೆ. ಉದಾಹರಣೆಗೆ ಎಕರೆಗೆ 10 ಲಕ್ಷ ರೂಪಾಯಿ, ಗುಣಾಂಕ 1.25, ಬಾವಿಗೆ 1 ಲಕ್ಷ ಎಂದು ಹಿಡಿದರೆ, ಹನ್ನೆರಡೂವರೆಗೆ ಒಂದು ಕೂಡಿ ಹದಿಮೂರೂವರೆ ಲಕ್ಷ. ಅದರ ಇಮ್ಮಡಿ 27 ಲಕ್ಷ. “ಸರಕಾರ ಪುಕ್ಕಟೆ ತೆಗೆದುಕೊಳ್ಳುತ್ತದೆ” ಎಂದು ಹೆದರಿಸಿ 8 ಲಕ್ಷಕ್ಕೆ ಹೊಲ ಕೇಳುವವನಿಗೆ ಈ ಲೆಕ್ಕ ಗೊತ್ತಿರುತ್ತದೆ. ನಿಮಗೂ ಗೊತ್ತಿರಲಿ. ಒಂದು ಎಚ್ಚರಿಕೆ: ಮಾರುಕಟ್ಟೆ ಬೆಲೆ ಲೆಕ್ಕ ಹಾಕುವಾಗ ಸುತ್ತಲಿನ ನೋಂದಣಿಯಾದ ಕ್ರಯಗಳನ್ನು ನೋಡುತ್ತಾರೆ. ಸ್ಟಾಂಪು ಉಳಿಸಲು ಕ್ರಯಪತ್ರದಲ್ಲಿ ಬೆಲೆ ಕಡಮೆ ಬರೆಯಿಸಿದ ಊರು ಪರಿಹಾರದ ದಿನ ಅದರ ಫಲ ಉಣ್ಣುತ್ತದೆ.

ನೆರೆಹೊಲದ ಜೋನ್ ಬದಲಾದರೆ

ನಮ್ಮ ಹೊಲ ಹೊಲವಾಗಿಯೇ ಇದ್ದು, ಪಕ್ಕದ ಹೊಲ ಮಾತ್ರ ಬದಲಾಗುವುದೂ ಉಂಟು. ಆಗ ಮಳೆನೀರು ಹರಿಯುವ ಹಳ್ಳ ಮುಚ್ಚಬಹುದು, ಬಂಡಿದಾರಿಗೆ ಗೋಡೆ ಬರಬಹುದು. ಇಲ್ಲಿ ಎರಡು ಆಸರೆಗಳಿವೆ.

ಮೊದಲನೆಯದು ಆಕ್ಷೇಪಣೆ. ಜೋನ್ ಬದಲಿಸುವ ಮುನ್ನ ಕರಡನ್ನು ಆಂಧ್ರಪ್ರದೇಶ ಗೆಜೆಟ್ಟಿನಲ್ಲಿ ಪ್ರಕಟಿಸಿ, ಸಾಮಾನ್ಯವಾಗಿ 15 ದಿನಗಳೊಳಗೆ ಆಕ್ಷೇಪಣೆ ಅಥವಾ ಸಲಹೆ ಕೇಳುತ್ತಾರೆ. ಅದರಲ್ಲಿ ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಎಲ್ಲೆ ಬರೆದಿರುತ್ತದೆ. ಭೂಮಿಯ ಒಡೆಯನೇ ಅಲ್ಲ, ಯಾರು ಬೇಕಾದರೂ ಆಕ್ಷೇಪಣೆ ಕೊಡಬಹುದು. 15 ದಿನವೆಂದರೆ ಎರಡು ಸಂತೆಯ ಅಂತರ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಗಬಾರದು. ಊರಿನಲ್ಲಿ ಓದುಬಲ್ಲ ಒಬ್ಬರು ಪುರಸಭೆಯ ಮತ್ತು ಸಚಿವಾಲಯದ ನೋಟೀಸು ಹಲಗೆಯನ್ನು ವಾರಕ್ಕೊಮ್ಮೆ ನೋಡಿ ಬರುವ ಏರ್ಪಾಟು ಮಾಡಿಕೊಂಡರೆ ಒಳ್ಳೆಯದು.

ಆಕ್ಷೇಪಣೆಗೆ ಫಲವುಂಟೇ ಎಂದು ಕೇಳುವವರಿಗೆ ಎರಡು ನಿದರ್ಶನ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನೆರೆಹೊರೆಯವರು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ನಿಲ್ಲದೆಂದು ತೀರ್ಪಿತ್ತು, ನಿವಾಸಿಗಳಿಗೆ ಕೇಳುವ ಹಕ್ಕಿದೆಯೆಂದು ಒಪ್ಪಿತು. ಎರಡನೆಯದು ನಮ್ಮ ರಾಜ್ಯದ್ದೇ. ಅಮರಾವತಿ ರಾಜಧಾನಿಗಾಗಿ ರೈತರು 2015ರಿಂದ ಸುಮಾರು 34 ಸಾವಿರ ಎಕರೆಯನ್ನು ಒಂದು ನಕ್ಷೆಯನ್ನು ನಂಬಿ ಒಟ್ಟುಗೂಡಿಸಿ ಕೊಟ್ಟಿದ್ದರು. 2023ರಲ್ಲಿ ಆಗಿನ ಸರಕಾರವು ಆ ನಕ್ಷೆಯನ್ನು ಬದಲಿಸಿ, ಬಡವರ ನಿವೇಶನಗಳಿಗಾಗಿ ಆರ್-5 ಎಂಬ ಹೊಸ ಜೋನ್ ಮಾಡಿತು. ಬಡವರಿಗೆ ಮನೆ ಬೇಕು ಎಂಬುದು ಸರಿ. ಆದರೆ ನಂಬಿ ಭೂಮಿ ಕೊಟ್ಟವರ ಮಾತಿಗೂ ಬೆಲೆ ಬೇಕು ಎಂದು ರೈತರು ವಾದಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಹೈಕೋರ್ಟು ಅಲ್ಲಿ ಮನೆ ಕಟ್ಟುವುದಕ್ಕೆ ತಡೆ ಕೊಟ್ಟಿತು.

ಎರಡನೆಯ ಆಸರೆ ಹಳೆಯದು. 1882ರ ಅನುಭೋಗದ ಹಕ್ಕಿನ ಕಾಯಿದೆಯಂತೆ, 20 ವರ್ಷ ಬಹಿರಂಗವಾಗಿ, ಶಾಂತವಾಗಿ, ಹಕ್ಕಿನಿಂದ, ಎಡೆಬಿಡದೆ ಬಳಸಿಕೊಂಡು ಬಂದ ದಾರಿಯ ಮತ್ತು ನೀರಿನ ಹಕ್ಕು ನಿಲ್ಲುತ್ತದೆ. ಪಕ್ಕದ ಹೊಲಕ್ಕೆ ಹಳದಿ ಬಣ್ಣ ಬಂದುದರಿಂದ ಆ ಬಂಡಿದಾರಿಯ ಹಕ್ಕು ತಾನಾಗಿ ಅಳಿಯುವುದಿಲ್ಲ. ಗೋಡೆ ಏಳುವ ಮುನ್ನವೇ ಊರ ಹಿರಿಯರ ಹೇಳಿಕೆ, ಹಳೆಯ ಸರ್ವೆ ನಕ್ಷೆ ಕೂಡಿಸಿ ಇಟ್ಟುಕೊಳ್ಳಿ.

ಅರ್ಜಿ ಕನ್ನಡದಲ್ಲಿ ಬರೆಯಬಹುದೇ?

ಬರೆಯಬಹುದು. ಕುಂದುಕೊರತೆಯ ಅರ್ಜಿಯನ್ನು ಯಾವುದೇ ಅಧಿಕಾರಿಗೆ ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. ಆದರೆ ಓದುವ ಗುಮಾಸ್ತರಿಗೆ ಅನುಕೂಲವಾಗಲೆಂದು ತೆಲುಗಿನ ಒಂದು ಪ್ರತಿಯನ್ನು ಜೊತೆಗಿಡುವುದು ಜಾಣತನ. ಹಕ್ಕೂ ಉಳಿಯಿತು, ಕೆಲಸವೂ ಆಯಿತು. ಅರ್ಜಿಯಲ್ಲಿ ಸರ್ವೆ ನಂಬರು, ನೋಟೀಸಿನ ತಾರೀಖು, ಆಕ್ಷೇಪಣೆಯ ಕಾರಣ ಇವಿಷ್ಟೇ ಸಾಕು, ಬೈಗುಳ ಬೇಡ. ಒಂದು ನಕಲಿಗೆ ಕಚೇರಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಮಾರುವುದೇ ನಿಶ್ಚಯವಾದರೆ

ಮಾರುವುದು ತಪ್ಪಲ್ಲ. ಅಗ್ಗಕ್ಕೆ, ಅವಸರದಲ್ಲಿ, ತಿಳಿಯದೆ ಮಾರುವುದು ತಪ್ಪು. ಮೊದಲು ನಿಮ್ಮ ಸರ್ವೆ ನಂಬರು ನೋಂದಣಿ ಕಾಯಿದೆಯ 22-ಎ ಪಟ್ಟಿಯಲ್ಲಿ, ಎಂದರೆ ನೋಂದಣಿ ನಿಷೇಧದ ಪಟ್ಟಿಯಲ್ಲಿ, ಸೇರಿದೆಯೇ ನೋಡಿ. ಹಳೆಯ ರಿಜಿಸ್ಟರಿನಲ್ಲಿ ಹೆಸರಿನ ಜಾಗದಲ್ಲಿ ಚುಕ್ಕಿ ಇಟ್ಟ ಭೂಮಿಗಳಿಗೆ 2017ರಲ್ಲಿ ಪ್ರತ್ಯೇಕ ಕಾಯಿದೆ ಬಂದಿದೆ. ಸರಕಾರ ಹಂಚಿದ ಡಿ-ಪಟ್ಟಾ ಭೂಮಿಗೆ 1977ರ ಕಾಯಿದೆಯ ಕಟ್ಟು ಇದೆ. 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಗಿದೆ. ತಹಸೀಲ್ದಾರರ ಬರಹದ ಉತ್ತರ ಕೈಗೆ ಬರುವತನಕ ಇಂಥ ಭೂಮಿಗೆ ಮುಂಗಡ ಹಿಡಿಯಬೇಡಿ.

ಆದಾಯ ತೆರಿಗೆಯನ್ನೂ ನೆನಪಿಡಿ. ಹಳ್ಳಿಯ ಬೇಸಾಯದ ಭೂಮಿ ಮಾರಿದ ಲಾಭಕ್ಕೆ ತೆರಿಗೆಯಿಲ್ಲ. ಪಟ್ಟಣಕ್ಕೆ ಹತ್ತಿರವಿದ್ದರೆ ಉಂಟು. ಒಂದು ಲಕ್ಷದಿಂದ ಹತ್ತು ಲಕ್ಷ ಜನರಿರುವ ಪುರಸಭೆಯ ಎಲ್ಲೆಯಿಂದ 6 ಕಿಲೋಮೀಟರ್, ಹತ್ತು ಸಾವಿರದಿಂದ ಒಂದು ಲಕ್ಷದವರೆಗಿನ ಪುರಸಭೆಯಾದರೆ 2 ಕಿಲೋಮೀಟರ್ ಒಳಗಿನ ಭೂಮಿ ಹತ್ತಿರದ್ದೆಂದು ಲೆಕ್ಕ. 2011ರ ಜನಗಣತಿಯಂತೆ ಆದವಾನಿ ಲಕ್ಷ ದಾಟಿದ ಊರು, ಎಮ್ಮಿಗನೂರು ಲಕ್ಷದೊಳಗಿನ ಊರು. ದೂರವನ್ನು ಅಳೆಯುವುದು ರಸ್ತೆಯ ಸುತ್ತಿನಲ್ಲಿ ಅಲ್ಲ, ಹಕ್ಕಿ ಹಾರಿದಂತೆ ನೇರವಾಗಿ.

ಕೊನೆಯದಾಗಿ, ಬರಿಯ ಕಾಗದಕ್ಕೆ, ಖಾಲಿ ಸ್ಟಾಂಪಿಗೆ, ಓದಿ ಹೇಳದ ಕರಾರಿಗೆ ಹೆಬ್ಬೆಟ್ಟು ಒತ್ತಬೇಡಿ. ‘ಜನರಲ್ ಪವರ್’ ಎಂಬ ಕಾಗದಕ್ಕೆ ಸಹಿ ಹಾಕಿದರೆ ನಿಮ್ಮ ಬದಲು ಮಾರುವ ಅಧಿಕಾರವನ್ನೇ ಕೊಟ್ಟಂತೆ ಆಗಬಹುದು ಎಂಬುದನ್ನು ತಿಳಿದಿರಿ.

ನಕ್ಷೆ ಬರೆಯುವವರು ದೂರದ ಕಚೇರಿಯಲ್ಲಿ ಕುಳಿತು ಬಣ್ಣ ಹಚ್ಚುತ್ತಾರೆ. ಇಂದು ಹಸಿರು, ನಾಳೆ ಹಳದಿ, ನಾಡಿದ್ದು ಮತ್ತೊಂದು. ಹೊಲದ ಬದುವನ್ನು ಮಾತ್ರ ಯಾವ ಬಣ್ಣವೂ ಸರಿಸಲಾರದು. ಬದುವಿನ ಕಲ್ಲು ನೆಟ್ಟಗಿದೆಯೇ, ಪಾಸುಪುಸ್ತಕದ ಹೆಸರು ಸರಿಯಿದೆಯೇ ಎಂಬುದನ್ನು ಈ ವಾರದ ಬಿಡುವಿನಲ್ಲಿಯೇ ನೋಡಿಕೊಳ್ಳಿ.